ಪಾಸ್‌ವರ್ಡ್ ನಾವೇ ಯೋಚಿಸಿ ಆರಿಸಬಾರದು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಮೇಷ್ಟ್ರುಗಳಿದ್ದೀರಿ, ನಿವೃತ್ತರಾದವರಿದ್ದೀರಿ, ಹಿಂದಿನ ಸಾಲಲ್ಲಿ ಕಾಲೇಜು ಹುಡುಗರೂ ಇದ್ದಾರೆ. ಎಲ್ಲರಿಗೂ ಒಂದೇ ಪ್ರಶ್ನೆ. ಇ-ಆಧಾರ್ ಡೌನ್‌ಲೋಡ್ ಮಾಡಿದಾಗ ಆ ಪಿಡಿಎಫ್ ತೆರೆಯೋಕೆ ಏನು ಹಾಕುತ್ತೀರಿ? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ವರ್ಷ. ಅಲ್ವಾ? ಅದು ದಾರಿಯಲ್ಲಿ ಯಾರೋ ಇಣುಕದಿರಲಿ ಅಂತ ಇಟ್ಟ ಸಣ್ಣ ಅಡ್ಡಿ ಅಷ್ಟೆ. ಸೂತ್ರ ಊರಿಗೆಲ್ಲ ಗೊತ್ತು. ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಪಾಸ್‌ವರ್ಡ್ ಅಂದ್ರೆ ಹೀಗೇ ಇರಬೇಕು ಅಂತ ನಮ್ಮಲ್ಲಿ ಎಷ್ಟೋ ಜನ ಅಲ್ಲಿಂದ ಕಲಿತುಬಿಟ್ಟಿದ್ದಾರೆ. ಇಮೇಲ್‌ಗೂ ಅದೇ ಹೆಸರು, ಅದೇ ವರ್ಷ. ‘ಗಟ್ಟಿಯಾಗಿಲ್ಲ’ ಅಂತ ಬಂದರೆ ನಡುವೆ ಒಂದು @ ಸಿಕ್ಕಿಸುತ್ತಾರೆ.

‘ಮೂರು ಸಲ ತಪ್ಪಾದರೆ ಲಾಕ್ ಆಗುತ್ತಲ್ಲ ಸಾರ್, ಇನ್ಯಾಕೆ ಭಯ?’ ಅಂತ ಕೇಳಬಹುದು. ಕಳ್ಳ ಲಾಗಿನ್ ಪುಟದ ಮುಂದೆ ಕೂತು ಟೈಪ್ ಮಾಡುತ್ತಿದ್ದರೆ ಆ ಮಾತು ಸರಿ. ಅವನು ಹಾಗೆ ಮಾಡಲೇಬೇಕಿಲ್ಲ. ಒಳ್ಳೆ ವೆಬ್‌ಸೈಟು ನಿಮ್ಮ ಪಾಸ್‌ವರ್ಡನ್ನು ಇದ್ದ ಹಾಗೇ ಇಟ್ಟುಕೊಳ್ಳುವುದಿಲ್ಲ. ಅದನ್ನೊಂದು ಲೆಕ್ಕಕ್ಕೆ ಹಾಕಿ, ಬಂದ ಉತ್ತರವನ್ನು ಮಾತ್ರ ಇಡುತ್ತದೆ. ಅದಕ್ಕೆ ಹ್ಯಾಶ್ ಅನ್ನುತ್ತಾರೆ. ಉತ್ತರದಿಂದ ಹಿಂದಕ್ಕೆ ಹೋಗೋಕೆ ಆಗುವುದಿಲ್ಲ. ಆದರೆ ಆ ಹ್ಯಾಶ್‌ಗಳ ಪಟ್ಟಿ ಕಳುವಾದರೆ, ಕಳ್ಳ ತನ್ನ ಮನೆಯಲ್ಲೇ ಒಂದೊಂದೇ ಊಹೆಯನ್ನು ಅದೇ ಲೆಕ್ಕಕ್ಕೆ ಹಾಕಿ ತಾಳೆ ನೋಡಬಹುದು. ಅಲ್ಲಿ ಯಾವ ಲಾಕೂ ಇಲ್ಲ.

ಊಹೆಗೆ ಸಾಮಾನು ಎಲ್ಲಿಂದ ಬರುತ್ತದೆ? ನಮ್ಮಿಂದಲೇ! 2009ರಲ್ಲಿ ರಾಕ್‌ಯೂ ಅನ್ನೋ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್ ಹೊರಬಿದ್ದವು. ಅವರು ಹ್ಯಾಶ್ ಕೂಡ ಮಾಡಿರಲಿಲ್ಲ, ಸುಮ್ನೆ ಹಾಗೇ ಬರೆದಿಟ್ಟಿದ್ದರು. ಜಾಸ್ತಿ ಜನ ಇಟ್ಟುಕೊಂಡಿದ್ದು 123456. ಆ ಪಟ್ಟಿ ಇವತ್ತಿಗೂ ಪಾಸ್‌ವರ್ಡ್ ಒಡೆಯುವವರ ಕೈಯಲ್ಲಿದೆ. ಮನುಷ್ಯರು ಹೇಗೆ ಯೋಚಿಸುತ್ತಾರೆ ಅನ್ನೋದು ಅದರಲ್ಲಿ ಗೊತ್ತಾಗುತ್ತದೆ. ‘ಎ’ ಬದಲು @, ‘ಒ’ ಬದಲು ಸೊನ್ನೆ, ಕೊನೆಯಲ್ಲಿ 123. ನಾವು ಜಾಣತನ ಅಂದುಕೊಂಡದ್ದೆಲ್ಲ ಅವರ ಪ್ರೋಗ್ರಾಮಿಗೆ ಮೊದಲೇ ಗೊತ್ತು.

ಸಾಮಾನ್ಯರ ಮಾತು ಬಿಡಿ. ಯುನಿಕ್ಸ್ ಅನ್ನೋ ಕಂಪ್ಯೂಟರ್ ಆಪರೇಟಿಂಗ್ ಸಿಸ್ಟಮ್ ಕಟ್ಟಿದವರಲ್ಲಿ ಒಬ್ಬರು ಕೆನ್ ಥಾಂಪ್ಸನ್. ಅವರ ಹಳೇ ಪಾಸ್‌ವರ್ಡಿನ ಹ್ಯಾಶ್, ಹಳೇ ಯುನಿಕ್ಸ್ ಕಡತಗಳಲ್ಲಿ ಹಾಗೇ ಉಳಿದಿತ್ತು. 2019ರಲ್ಲಿ ಒಬ್ಬರು ಅದನ್ನು ಒಡೆದರು. ಪಿ/ಕ್ಯೂ2-ಕ್ಯೂ4! ಅಂತ ಎಂಟು ಅಕ್ಷರ. ಚೆಸ್ ಆಡುವವರಿಗೆ ತಕ್ಷಣ ಹೊಳೆದಿರುತ್ತೆ, ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಡುವ ನಡೆ ಅದು. ಅಂಕಿ ಇದೆ, ಚಿಹ್ನೆ ಇದೆ, ನೋಡೋಕೂ ಕಷ್ಟ. ಆದರೂ ಒಂದು ಗ್ರಾಫಿಕ್ಸ್ ಕಾರ್ಡಿಗೆ ಹಿಡಿದದ್ದು ನಾಲ್ಕು ದಿನ ಚಿಲ್ಲರೆ. ಸೆಕೆಂಡಿಗೆ ಸುಮಾರು 93 ಕೋಟಿ ಊಹೆಯ ವೇಗ. ಬರೀ ಸಣ್ಣ ಇಂಗ್ಲಿಷ್ ಅಕ್ಷರದ ಎಂಟಾಗಿದ್ದರೆ ನಾಲ್ಕು ನಿಮಿಷವೂ ಬೇಕಿರಲಿಲ್ಲ.

ಹಾಗಾದರೆ ಏನು ಮಾಡೋದು? ಉದ್ದ ಬೇಕು, ಮತ್ತು ಆರಿಸುವ ಕೆಲಸವನ್ನು ನಮ್ಮ ತಲೆಗೆ ಕೊಡಬಾರದು. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಅನ್ನುವವರು ದಾಳ ಉರುಳಿಸಿ ಪದ ಆರಿಸುವ ಉಪಾಯ ಹೇಳಿದರು. ಅವರದು 7776 ಪದಗಳ ಇಂಗ್ಲಿಷ್ ಪಟ್ಟಿ. ನಮಗೆ ಮನೆಯಲ್ಲಿರೋ ದಪ್ಪ ಕನ್ನಡ ನಿಘಂಟು ಸಾಕು. 0ಯಿಂದ 9ರವರೆಗೆ ಹತ್ತು ಚೀಟಿ ಬರೆಯಿರಿ. ಒಂದು ಎತ್ತಿ, ಬರೆದುಕೊಂಡು, ವಾಪಸ್ ಹಾಕಿ ಕುಲುಕಿ. ಹೀಗೆ ನಾಲ್ಕು ಸಲ. ಮೊದಲ ಮೂರು ಅಂಕಿ ಪುಟ. ನಾಲ್ಕನೆಯದು ಆ ಪುಟದ ಎಷ್ಟನೇ ಪದ ಅಂತ. ಸೊನ್ನೆ ಬಂದರೆ ಹತ್ತನೆಯದು. ಅಷ್ಟು ಪುಟ ಇಲ್ಲದಿದ್ದರೆ ಮತ್ತೆ ಎತ್ತಿ. ಹೀಗೆ ಐದಾರು ಪದ. ಏಣಿ, ಜಿಗಣೆ, ಮೊರ, ಹಬೆ, ಕೊಡತಿ, ತಗಡು ಅಂತ ಬಂತು ಅಂದುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಟೈಪ್ ಮಾಡಿ. ಏಣಿ ಹತ್ತುವ ಜಿಗಣೆಯನ್ನು ಮರೆಯೋದು ಕಷ್ಟ. ಪದ ಚೆನ್ನಾಗಿಲ್ಲ ಅಂತ ಮತ್ತೆ ಮತ್ತೆ ಎತ್ತಬೇಡಿ, ಆಗ ಮತ್ತೆ ನಿಮ್ಮ ತಲೆಯೇ ಆರಿಸಿದ ಹಾಗಾಯಿತು. ಅರ್ಥ ಗೊತ್ತಿಲ್ಲದ ಪದ ಬಂತಾ? ಸಂತೋಷ, ಕಲಿತ ಹಾಗಾಯಿತು.

7776 ಪದಗಳ ಪಟ್ಟಿಯಿಂದ ಐದು ಪದ ಎತ್ತಿದರೂ, ಆಗ ಹೇಳಿದ ವೇಗದಲ್ಲಿ ಎಲ್ಲ ಜೋಡಣೆ ನೋಡಿ ಮುಗಿಸೋಕೆ 900 ವರ್ಷ ದಾಟುತ್ತದೆ. ಆರನೇ ಪದ ಸೇರಿಸಿದರೆ ಸುಮಾರು 75 ಲಕ್ಷ ವರ್ಷ. ಇವತ್ತಿನ ಯಂತ್ರಗಳು ಇನ್ನೂ ವೇಗವಾಗಿವೆ, ಅದಕ್ಕೇ ಆರು ಅಂತೀನಿ. ಸಿನಿಮಾ ಹಾಡಿನ ಸಾಲು, ‘ಕೈ ಕೆಸರಾದರೆ ಬಾಯಿ ಮೊಸರು’ ಥರದ ಗಾದೆ ಬೇಡ. ಉದ್ದ ಇರುತ್ತೆ ನಿಜ, ಆದರೆ ನಿಮಗೆ ಗೊತ್ತಿದ್ದದ್ದು ಊರಿಗೂ ಗೊತ್ತು.

ಮೂರು ತಿಂಗಳಿಗೊಮ್ಮೆ ಬದಲಿಸಿ ಅನ್ನುವ ಆಫೀಸುಗಳಿವೆ. ದೊಡ್ಡಕ್ಷರ, ಅಂಕಿ, ಚಿಹ್ನೆ ಬೆರೆಸಿ, ಆಗಾಗ ಬದಲಿಸಿ ಅನ್ನುವ ಸಲಹೆ ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್‌ಗೆ ಬಿಲ್ ಬರ್ 2003ರಲ್ಲಿ ಬರೆದ ಕೈಪಿಡಿಯಿಂದ ಹಬ್ಬಿದ್ದು. 2017ರಲ್ಲಿ ನಿಸ್ಟ್ ಅದನ್ನು ಕೈಬಿಟ್ಟಿತು, ಬರ್ ಕೂಡ ಬೇಸರ ಹೇಳಿಕೊಂಡರು. ಪಾಸ್‌ವರ್ಡ್ ಸೋರಿದ ಸುಳಿವಿದ್ದರೆ ಬದಲಿಸಿ. ಸುಮ್ಸುಮ್ನೆ ಬದಲಿಸಿದರೆ ಜನವರಿ@1 ಹೋಗಿ ಏಪ್ರಿಲ್@1 ಆಗುತ್ತದೆ, ಅಷ್ಟೆ.

ಇದಕ್ಕಿಂತ ದೊಡ್ಡ ಅಪಾಯ ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಹಾಕೋದು. ಯಾವುದೋ ಸಣ್ಣ ಶಾಪಿಂಗ್ ಸೈಟಿನಿಂದ ಸೋರಿದ್ದನ್ನು ಕಳ್ಳರು ಇಮೇಲ್‌ಗೂ ಹಾಕಿ ನೋಡುತ್ತಾರೆ. ಇಮೇಲ್ ಸಿಕ್ಕಿದರೆ ಮಿಕ್ಕದ್ದಕ್ಕೆಲ್ಲ ‘ಪಾಸ್‌ವರ್ಡ್ ಮರೆತಿದ್ದೇನೆ’ ಒತ್ತಿದರಾಯಿತು. ಅದಕ್ಕೇ ಆರು ಪದದ ಪಾಸ್‌ವರ್ಡ್ ಮೊದಲು ಇಮೇಲ್‌ಗೆ ಹಾಕಿ, ಎರಡು ಹಂತದ ಪರಿಶೀಲನೆಯನ್ನೂ ಆನ್ ಮಾಡಿ. ಮಿಕ್ಕವನ್ನು ಬಿಟ್‌ವಾರ್ಡನ್ ಥರದ ಪಾಸ್‌ವರ್ಡ್ ಮ್ಯಾನೇಜರ್‌ಗೆ, ಅಂದ್ರೆ ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ಆ್ಯಪ್‌ಗೆ ಬಿಡಿ.

ಅದೆಲ್ಲ ತಲೆನೋವು ಅನ್ನುವ ಹಿರಿಯರು ಡೈರಿಯಲ್ಲಿ ಬರೆದು ಬೀರುವಿನಲ್ಲಿಡಿ. ಬರೆಯಬಾರದು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಎಲ್ಲೋ ದೂರದಲ್ಲಿ ಕೂತವನು ನಿಮ್ಮ ಬೀರು ತೆಗೆಯಲಾರ. ಆದರೆ ವಾಟ್ಸಾಪಿನಲ್ಲಿ ಕಳಿಸಿಕೊಳ್ಳೋದು, ಫೋಟೊ ತೆಗೆದಿಡೋದು ಬೇಡ. ಎಟಿಎಂ ಪಿನ್ನನ್ನು ಮಾತ್ರ ಎಲ್ಲೂ ಬರೆಯಬೇಡಿ. ಒಟಿಪಿಯನ್ನು ನೀವೇ ಬಾಯಿಬಿಟ್ಟು ಹೇಳಿದರೆ ಯಾವ ಪಾಸ್‌ವರ್ಡೂ ಕಾಯುವುದಿಲ್ಲ. ದುಡ್ಡು ಹೋಗಿದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ಪ್ರಶ್ನೆಗಳಿದ್ದರೆ ಕೇಳಿ. ನಿಮ್ಮ ಪಾಸ್‌ವರ್ಡ್ ಹೇಳಿ ‘ಇದು ಗಟ್ಟಿ ಇದೆಯಾ ಸಾರ್’ ಅಂತ ಮಾತ್ರ ಕೇಳಬೇಡಿ, ಮೈಕ್ ಆನ್ ಇದೆ.