ತಾಸಿನ ಹಾದಿ, ತವರೂರು: ಬೀಸುಕಲ್ಲಿನ ಪದಗಳು

[ತೆರೆಯ ಮೇಲೆ ಹಾಡಿನ ಸಾಲುಗಳು, ಹಿನ್ನೆಲೆಯಲ್ಲಿ ಬೀಸುವ ಸದ್ದು]

ಕಾಶಿಗೆ ಹೋಗಲಿಕ್ಕ ಏಸೊಂದು ದಿನ ಬೇಕ
ತಾಸ್ಹೊತ್ತಿನ ಹಾದಿ ತವರೂರ – ಮನಿಯಾಗ
ಕಾಶಿ ಕುಂತಾಳ ಹಡೆದವ್ವ

ನಮಸ್ಕಾರ. ಈ ಹಾಡು ಕಟ್ಟಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಉತ್ತರ ಕರ್ನಾಟಕದ ಯಾವುದೋ ಮನೆಯಲ್ಲಿ, ಬೆಳಕು ಹರಿಯೋ ಮೊದಲು ಜೋಳ ಬೀಸುತ್ತಾ ಕೂತ ಹೆಣ್ಣುಮಕ್ಕಳ ಬಾಯಲ್ಲಿ ಹುಟ್ಟಿದ ಪದ ಇದು.

ನಸುಕಿನಲ್ಲೇ ಯಾಕೆ? ಜೋಳದ ಹಿಟ್ಟು ಹಳೆಯದಾದರೆ ಜಿಗಿ ಇರುವುದಿಲ್ಲ, ರೊಟ್ಟಿ ತಟ್ಟುವಾಗ ಹರಿಯುತ್ತದೆ. ಹಾಗಾಗಿ ಆಗಾಗ ಹೊಸದಾಗಿ ಬೀಸಲೇಬೇಕು. ಇಡೀ ಮನೆಗೆ ಸಾಕಾಗುವಷ್ಟು ಹಿಟ್ಟು, ಅದೂ ಬೇರೆ ಕೆಲಸ ಶುರುವಾಗುವ ಮುಂಚೆ.

[ದೃಶ್ಯ: ಬೀಸುಕಲ್ಲು, ಹತ್ತಿರದಿಂದ]

ಕೆಳಗಿನ ಕಲ್ಲು ಅಲುಗಾಡಲ್ಲ. ಮೇಲಿನ ಕಲ್ಲಿಗೆ ಒಂದು ಗೂಟ. ಎದುರುಬದುರು ಕೂತ ಇಬ್ಬರು ಅದನ್ನೇ ಹಿಡಿದು ತಿರುಗಿಸುತ್ತಾರೆ. ನಡುವಿನ ತೂತಿಗೆ ಒಬ್ಬರು ಹಿಡಿ ಹಿಡಿ ಕಾಳು ಹಾಕುತ್ತಾ ಇರಬೇಕು. ಕೈ ತಪ್ಪದೆ ಸುತ್ತಬೇಕು ಅಂದರೆ ಇಬ್ಬರಿಗೂ ಒಂದೇ ಲಯ ಬೇಕು. ಆ ಲಯ ಕೊಡುವುದು ಹಾಡು.

ಈ ಮೂರು ಸಾಲಿನ ಪದ್ಯಕ್ಕೆ ತ್ರಿಪದಿ ಅಂತಾರೆ. ಸುಮಾರು ಸಾವಿರದ ಮುನ್ನೂರು ವರ್ಷದ ಹಿಂದಿನ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಇದೆ, ಅಷ್ಟು ಹಳೆಯದು. ಹಾಡುವಾಗ ಎರಡನೇ ಸಾಲನ್ನು ಮತ್ತೊಮ್ಮೆ ಹೇಳಿ ಮೂರನೆಯದಕ್ಕೆ ಹೋಗುತ್ತಾರೆ. ಒಬ್ಬಳು ಎತ್ತಿಕೊಂಡರೆ ಇನ್ನೊಬ್ಬಳು ದನಿ ಕೂಡಿಸಲು ಅಷ್ಟು ಹೊತ್ತು ಸಾಕು.

ಈಗ ಮತ್ತೆ ಹಾಡಿಗೆ ಬನ್ನಿ. ಕಾಶಿ ಎಷ್ಟು ದಿನದ ದಾರಿಯೋ! ತವರು ಮಾತ್ರ ಒಂದು ತಾಸು ನಡೆದರೆ ಸಿಗುತ್ತದೆ. ನನಗೆ ಈ ಹಾಡಿನ ಜೀವ ಇರುವುದು ಆ 'ತಾಸ್ಹೊತ್ತಿ'ನಲ್ಲೇ ಅನಿಸುತ್ತದೆ. ಒಂದೇ ತಾಸು, ಆದರೂ ಹೋಗುವ ಹಾಗಿಲ್ಲ. ಅತ್ತೆ ಹೂಂ ಅನ್ನಬೇಕು. ಪಂಚಮಿ ಬರಬೇಕು, ಕರೆಯೋಕೆ ಅಣ್ಣ ಬರಬೇಕು. ಇದ್ಯಾವುದನ್ನೂ ಹಾಡುವವಳು ಬಾಯಿಬಿಟ್ಟು ಹೇಳಲ್ಲ. ದೂರ ಎಷ್ಟು ಅಂತ ಮಾತ್ರ ಹೇಳುತ್ತಾಳೆ.

ನಿಸರ್ಗ ಕವಿತೆ ಅಂದರೆ ಬೆಟ್ಟ, ಹೊಳೆ, ಚಂದದ ಸೂರ್ಯೋದಯ ಅಂತ ನಮಗೆ ರೂಢಿ, ಅಲ್ವಾ? ಇವರಿಗೆ ಸುಮ್ನೆ ನಿಂತು ನೋಡೋಕೆ ಪುರುಸೊತ್ತೇ ಇರಲಿಲ್ಲ. ಇಲ್ಲಿ ಹಾದಿ ಅಂದರೆ ತವರಿನ ಹಾದಿ. ಭೂಮಿತಾಯಿಯನ್ನು ನೆನೆದರೂ ಎಳ್ಳು, ಜೀರಿಗೆ ಬೆಳೆಯುವವಳು ಅಂತಲೇ ನೆನೆಯುತ್ತಾರೆ. ಮಗು ಒಳಗೆ ಹೊರಗೆ ಓಡಾಡುತ್ತಿದ್ದರೆ ಆ ಮನೆಗೆ ಬೀಸಣಿಗೆ ಯಾಕೆ ಅಂತ ಕೇಳುವ ಪದವೂ ಇದೆ. ಬೀಸಲು ಕಲ್ಲು ಕೊಟ್ಟ ಪಕ್ಕದ ಮನೆಯವಳಿಗೆ ಒಳ್ಳೆಯ ಸೊಸೆ ಬರಲಿ ಅಂತ ಹರಸುವ ಪದವೂ ಇದೆ. ಅಷ್ಟು ಸಣ್ಣ ಉಪಕಾರಕ್ಕೂ ಒಂದು ಕವಿತೆ!

[ತೆರೆಯ ಮೇಲೆ: ಗರತಿಯ ಹಾಡು, 1931]

ಬಾಯಲ್ಲೇ ಉಳಿದಿದ್ದರೆ ಇವೆಲ್ಲ ನಮಗೆ ಸಿಗುತ್ತಲೇ ಇರಲಿಲ್ಲವೇನೋ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮತ್ತು ಅವರ ಗೆಳೆಯರು ಇಂಥ ಹಾಡುಗಳನ್ನು ಕೇಳಿ, ಬರೆದುಕೊಂಡು, ಪುಸ್ತಕ ಮಾಡಿದರು.

ಆಮೇಲೆ ಗಿರಣಿ ಬಂತು. ಕೈನೋವು ತಪ್ಪಿತು, ಅದು ಒಳ್ಳೆಯದೇ ಆಯಿತು. ಜೊತೆಗೆ ಹಾಡುವ ಹೊತ್ತೂ ಹೋಯಿತು.

ನಿಮ್ಮ ಮನೆಯಲ್ಲಿ ಈ ಪದ ಗೊತ್ತಿರುವ ಅಜ್ಜಿ ಇದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾರಿಂದ ಕಲಿತರು, ಯಾವ ಊರಲ್ಲಿ ಹಾಡುತ್ತಿದ್ದರು ಅನ್ನುವುದನ್ನೂ ಅವರ ಬಾಯಿಂದಲೇ ಹೇಳಿಸಿ. ಒಂದು ಪದ ನೆನಪಾದರೆ ಅದರ ಹಿಂದೆಯೇ ಇನ್ನೊಂದು ಬರುತ್ತದೆ, ರೆಕಾರ್ಡಿಂಗ್ ಬೇಗ ನಿಲ್ಲಿಸಬೇಡಿ.