ಟೆಂಡರಿನಲ್ಲಿ ಊರಿನ ಹೆಸರು ಬೇಡ, ಇಂಗಾಲದ ಲೆಕ್ಕ ಬೇಕು

ಸರ್ಕಾರಿ ಕಟ್ಟಡಕ್ಕೆ, ತಯಾರಾಗೋವಾಗ ಕಡಿಮೆ ಇಂಗಾಲ ಉಗುಳಿದ ಉಕ್ಕನ್ನೇ ಕೊಳ್ಳೋಣ ಅಂದರೆ ಸಾಕು, ಮುಕ್ತ ವ್ಯಾಪಾರದ ಕಾನೂನು ಬಿಡಲ್ಲ ಅಂತಾರೆ. ನಾನು ಒಪ್ಪಲ್ಲ. ಎಡವಟ್ಟಾಗೋದು ಟೆಂಡರ್ ಬರೆಯೋ ಮೇಜಿನ ಮೇಲೆ.

ಕ್ಯಾಲಿಫೋರ್ನಿಯಾ ನೋಡಿ. 2017ರಲ್ಲಿ ‘ಬೈ ಕ್ಲೀನ್’ (ಸ್ವಚ್ಛವಾದದ್ದನ್ನೇ ಕೊಳ್ಳಿ) ಕಾಯ್ದೆ ಬಂತು; ಸರ್ಕಾರ ಕೊಳ್ಳೋ ಸಾಮಗ್ರಿ ತಯಾರಾಗೋವಾಗ ಉಗುಳೋ ಇಂಗಾಲಕ್ಕೆ ಮಿತಿ ಹಾಕಿತು. ಸ್ಟ್ರಕ್ಚರಲ್ ಸ್ಟೀಲು, ಕಾಂಕ್ರೀಟಿನ ಕಂಬಿ, ಗಾಜು, ಶಾಖ ತಡೆಯೋ ಮಿನರಲ್ ವುಲ್ – ನಾಲ್ಕೇ ಸಾಮಗ್ರಿ. 2022ರ ಜುಲೈ 1ರಂದು ಜಾರಿಯಾದಾಗ ಮಿತಿ, ಒಂದು ಟನ್ ಕಂಬಿಗೆ 890 ಕಿಲೋ ಇಂಗಾಲದ ಡೈಆಕ್ಸೈಡು ಇತ್ತು. ಕಂಬಿ ಯಾವ ದೇಶದ್ದು ಅಂತ ಈ ಮಿತಿ ಕೇಳಲ್ಲ. ಅದರ ಬಲ ಇರೋದೇ ಅಲ್ಲಿ. ವಿಶ್ವ ವ್ಯಾಪಾರ ಸಂಸ್ಥೆಯ ಸರ್ಕಾರಿ ಖರೀದಿ ಒಪ್ಪಂದದ 10ನೇ ವಿಧಿ ಪರಿಸರಕ್ಕಾಗಿ ತಾಂತ್ರಿಕ ಷರತ್ತು ಹಾಕಲು ಬಿಡುತ್ತೆ. ವ್ಯಾಪಾರಕ್ಕೆ ಅನಗತ್ಯ ಅಡ್ಡಿ ಆಗಬಾರದು, ಅಷ್ಟೇ.

‘100 ಕಿಲೋಮೀಟರ್ ಒಳಗಿನ ಕಾರ್ಖಾನೆಯ ಮಾಲೇ ಬೇಕು’ ಅಂತ ಬರೆದಿರೋ, ಸಿಕ್ಕಿಬಿದ್ದಿರಿ; ಅದು ಹೊರಗಿನ ಮಾರಾಟಗಾರರನ್ನು ದೂರ ಇಡೋ ಷರತ್ತು. ಅದು ಪರಿಸರದ ಷರತ್ತೂ ಅಲ್ಲ: ಒಂದು ಟನ್ ಮಾಲನ್ನು ಒಂದು ಕಿಲೋಮೀಟರ್ ಸಾಗಿಸೋಕೆ ಹಡಗು ಉಗುಳೋ ಇಂಗಾಲ ಲಾರಿಗಿಂತ ಎಷ್ಟೋ ಕಡಿಮೆ. ಸಾಗಣೆ ಮುಖ್ಯ ಅನ್ನಿಸಿದರೆ ಅದರ ಇಂಗಾಲವನ್ನೂ ಲೆಕ್ಕಕ್ಕೆ ಸೇರಿಸಿ, ದೂರವನ್ನಲ್ಲ.

ಇನ್ನೊಂದು ತಪ್ಪು, ಪರೀಕ್ಷಿಸೋಕಾಗದ ಷರತ್ತು. ಆಸ್ಟ್ರಿಯಾದ ಸರ್ಕಾರಿ ವಿದ್ಯುತ್ ಟೆಂಡರಿನಲ್ಲಿ ನವೀಕರಿಸಬಹುದಾದ ಮೂಲಕ್ಕೆ 45 ಪರ್ಸೆಂಟ್ ಅಂಕ ಇಟ್ಟಿದ್ದರು. 2003ರಲ್ಲಿ ಯುರೋಪಿನ ನ್ಯಾಯಾಲಯ 45 ಜಾಸ್ತಿ ಆಯ್ತು ಅನ್ನಲಿಲ್ಲ. ಬಿಡ್‌ದಾರ ಹೇಳಿದ್ದು ನಿಜವೋ ಅಂತ ನೋಡೋ ದಾರಿಯೇ ಇಲ್ಲ ಅಂತ ತಪ್ಪು ಹಿಡೀತು. ಅದಕ್ಕೇ ಐಎಸ್ಒ 14025 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹೊರಗಿನವರು ಪರಿಶೀಲಿಸಿದ ಪರಿಸರ ಘೋಷಣೆ, ಅಂದರೆ ಮಾಲಿನ ಇಂಗಾಲದ ಲೆಕ್ಕ ಇರೋ ಇಪಿಡಿ ಕಾಗದ, ಕೇಳಬೇಕು. ಅದೂ ಆ ಕಾರ್ಖಾನೆಯದ್ದೇ ಆಗಿರಬೇಕು. ಇಡೀ ಉದ್ಯಮದ ಸರಾಸರಿ ತಂದರೆ ಕೊಳಕು ಕುಲುಮೆಯೂ ಅದರ ಮರೆಯಲ್ಲಿ ನುಸುಳುತ್ತೆ. ಜೊತೆಗೆ ‘ಅಥವಾ ಸಮಾನ ಪುರಾವೆ’ ಅನ್ನೋ ಮಾತು ಬಿಡಬೇಡಿ. ಕಂಬಿ ಕಟ್ಟೋ ಮೊದಲೇ ಕಾಗದ ನೋಡಿ; ಕಾಂಕ್ರೀಟ್ ಬಿದ್ದ ಮೇಲೆ ತಿರಸ್ಕರಿಸೋದು ಯಾರ ಕೈಲೂ ಆಗಲ್ಲ.

ಭಾರತ ಆ ಖರೀದಿ ಒಪ್ಪಂದದಲ್ಲಿ 2010ರಿಂದ ವೀಕ್ಷಕ ಮಾತ್ರ, ಸದಸ್ಯ ಅಲ್ಲ. ಆದರೂ ನಮ್ಮ ಬಳ್ಳಾರಿ ಸೀಮೆಗೆ ಇದು ದೂರದ ಮಾತಲ್ಲ. ಗುಜರಿ ಕರಗಿಸೋ ವಿದ್ಯುತ್ ಕುಲುಮೆಗೆ 890 ಕಿಲೋ ಸಾಧ್ಯ. ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಸುಟ್ಟು ಅದಿರು ಕರಗಿಸೋ ಬ್ಲಾಸ್ಟ್ ಫರ್ನೇಸ್ ಒಂದು ಟನ್ ಉಕ್ಕಿಗೆ ಎರಡು ಟನ್ ಇಂಗಾಲದ ಡೈಆಕ್ಸೈಡು ದಾಟುತ್ತೆ. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ತಂದ ಹಸಿರು ಉಕ್ಕಿನ ವರ್ಗೀಕರಣದಲ್ಲಿ ಅತ್ಯುತ್ತಮ ದರ್ಜೆಯಾದ ಐದು ನಕ್ಷತ್ರಕ್ಕೆ 1.6 ಟನ್ನಿಗಿಂತ ಕಡಿಮೆ ಇದ್ದರೆ ಸಾಕು. ಕ್ಯಾಲಿಫೋರ್ನಿಯಾದ ಮಿತಿ, ನಮ್ಮ ವರ್ಗೀಕರಣ – ಎರಡರಲ್ಲೂ ಯಾವ ಹಂತದವರೆಗಿನ ಇಂಗಾಲ ಲೆಕ್ಕಕ್ಕೆ ಸೇರುತ್ತೆ ಅನ್ನೋ ಗಡಿಯೇ ಬೇರೆ, ಹಾಗಾಗಿ ಅಂಕಿಗಳನ್ನು ನೇರವಾಗಿ ಹೋಲಿಸೋಕಾಗಲ್ಲ. ಟೆಂಡರಿನಲ್ಲಿ ಮಿತಿಯ ಪಕ್ಕದಲ್ಲೇ ಬರೀರಿ: ಲೆಕ್ಕ ಗಣಿಯಿಂದ ಕಾರ್ಖಾನೆ ಗೇಟಿನವರೆಗೋ, ಕಟ್ಟಡದ ಜಾಗದವರೆಗೋ.