ಯಾರ ರಟ್ಟೆ ನೋಯುತ್ತಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ದೀಪಾವಳಿ ಹೊತ್ತಿಗೆ ಶಿರಸಿ ಪೇಟೆಯಲ್ಲಿ ಅಂಗಡಿ ಮುಂದೆ ನಿಂತರೆ ಎಲ್ಲವೂ ಬೇಕು ಅನ್ನಿಸುತ್ತದೆ. ಏರ್ ಫ್ರೈಯರ್, ಓವನ್, ಚಪಾತಿ ಒತ್ತುವ ಯಂತ್ರ. ಕಂತಿನಲ್ಲೂ ಕೊಡುತ್ತಾರೆ. ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ದಿನಾ ಯಾರ ರಟ್ಟೆ ನೋಯುತ್ತಿದೆ? ಯಾವ ಕೆಲಸ ಮಾಡಿ?

ನನ್ನ ತವರು ಕುಮಟಾ ಹತ್ತಿರ. ಹನ್ನೆರಡು ಜನರ ಮನೆ. ಆಯಿ ಸಂಜೆ ಒರಳಿನ ಮುಂದೆ ಕೂರುತ್ತಿದ್ದಳು. ಬಲಗೈಯಲ್ಲಿ ಗುಂಡು ತಿರುಗಿಸುತ್ತ ಎಡಗೈಯಲ್ಲಿ ಹಿಟ್ಟು ಒಳಗೆ ತಳ್ಳುತ್ತಿದ್ದಳು. ದೋಸೆ ಹಿಟ್ಟು ಮುಗಿಯುವಷ್ಟರಲ್ಲಿ ಅಂಗೈ ಕೆಂಪಾಗಿರುತ್ತಿತ್ತು. ಏಳಬೇಕೆಂದರೆ ಗೋಡೆ ಹಿಡಿಯಬೇಕು. ಒರಳಲ್ಲಿ ರುಬ್ಬಿದ ರುಚಿಯೇ ಬೇರೆ ಅಂತ ಎಷ್ಟೋ ಜನ ಹೇಳಿದ್ದನ್ನು ಕೇಳಿದ್ದೇನೆ. ಆಯಿ ಬಾಯಲ್ಲಿ ಆ ಮಾತು ಒಮ್ಮೆಯೂ ಬಂದಿಲ್ಲ.

ನಮ್ಮ ಮಿಕ್ಸರ್ ಹುಟ್ಟಿದ್ದೂ ಇಂಥದ್ದೇ ಕಷ್ಟದಿಂದ. 1960ರ ದಶಕದಲ್ಲಿ ಎಂಜಿನಿಯರ್ ಸತ್ಯಪ್ರಕಾಶ ಮಾಥುರ್ ಅವರ ಮನೆಯಲ್ಲಿ ವಿದೇಶಿ ಮಿಕ್ಸರ್ ಇತ್ತು. ನಮ್ಮ ಅಡುಗೆಯ ಅರೆಯುವ ಕೆಲಸ ತಡೆಯಲಾರದೆ ಅದರ ಮೋಟಾರು ಸುಟ್ಟುಹೋಯಿತು. ಹೆಂಡತಿಗಾಗಿ ಅವರು ಜೋರು ಮೋಟಾರಿನ ಮಿಕ್ಸರನ್ನೇ ಮಾಡಿದರು. ಅದೇ ಸುಮೀತ್ ಹೆಸರಿನ ಮಿಕ್ಸರ್.

ಮಿಕ್ಸರ್ ಬೇಕೇ ಬೇಕು ಅನ್ನುವವಳು ನಾನು. ತಂಬುಳಿಗೆ ಒಂದು ಹಿಡಿ ಒಂದೆಲಗ, ಸ್ವಲ್ಪ ಕಾಯಿ, ಜೀರಿಗೆ. ಸಣ್ಣ ಜಾರಿನಲ್ಲಿ ಎರಡು ನಿಮಿಷದ ಕೆಲಸ. 750 ವಾಟ್‌ನ ಮಿಕ್ಸರನ್ನು ದಿನಕ್ಕೆ ಕಾಲು ಗಂಟೆ ಓಡಿಸಿದರೂ ಕಾಲು ಯೂನಿಟ್ ಕರೆಂಟು ಆಗುವುದಿಲ್ಲ. ಮನೆಯಲ್ಲಿ ಜನ ಜಾಸ್ತಿ ಇದ್ದು ದಿನಾ ದೋಸೆ ಆಗಬೇಕೆಂದರೆ ಗ್ರೈಂಡರ್ ಒಳ್ಳೆಯದು. ಕಲ್ಲು ನಿಧಾನ ತಿರುಗುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ, ಉದ್ದು ಚೆನ್ನಾಗಿ ಉಬ್ಬುತ್ತದೆ. ಇಬ್ಬರೇ ಇರುವ ಮನೆಗೆ ಅದನ್ನು ತೊಳೆಯುವುದೇ ಒಂದು ಕೆಲಸ, ಬೇಡ.

ಇನ್ನೊಂದು ಮಾತು ನಮ್ಮ ಮಳೆಗಾಲದ್ದು. ಲೈನಿನ ಮೇಲೆ ಒಂದು ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ, ಅಲ್ವಾ? ಆವಾಗ ನೆನಪಾಗುವುದು ಕುಕ್ಕರ್. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿಗೆ ನಿಲ್ಲದೆ 120 ಡಿಗ್ರಿ ಹತ್ತಿರ ಹೋಗುತ್ತದೆ. ಹಾಗಾಗಿ ಕಡಲೆ, ಕುಚ್ಚಲಕ್ಕಿ ಬೇಗ ಬೇಯುತ್ತವೆ. ಗೋಬರ್ ಗ್ಯಾಸ್ ಒಲೆಯ ಮೇಲೂ ನಡೆಯುತ್ತದೆ. ಗ್ಯಾಸ್ಕೆಟ್ ಸಡಿಲಾದರೆ ಮಾತ್ರ ತಡಮಾಡದೆ ಬದಲಾಯಿಸಿ.

ಇಂಡಕ್ಷನ್ ಒಲೆ ಸಿಲಿಂಡರ್ ಖಾಲಿಯಾದ ದಿನಕ್ಕೆ ಆಸರೆ. 2000 ವಾಟ್‌ನದಾದರೆ ಪೂರ್ತಿ ಉರಿಯಲ್ಲಿ ಗಂಟೆಗೆ ಎರಡು ಯೂನಿಟ್. ಪಾತ್ರೆ ಕೊಳ್ಳುವಾಗ ಒಂದು ಅಯಸ್ಕಾಂತ ಒಯ್ಯಿರಿ. ತಳಕ್ಕೆ ಅದು ಅಂಟಿದರೆ ಮಾತ್ರ ಆ ಪಾತ್ರೆ ಇಂಡಕ್ಷನ್ನಿಗೆ ಆಗುತ್ತದೆ.

ಫ್ರಿಜ್ ವಿಷಯದಲ್ಲಿ ನನಗೆ ಪೆಟ್ಟು ಬಿದ್ದಿದೆ. ಸ್ಟೆಬಿಲೈಸರ್ ಬೇಡ ಅಂತ ಅಂಗಡಿಯವರು ಅಂದರು, ನಾನೂ ಒಪ್ಪಿದೆ. ಮೊದಲ ಮಳೆಗಾಲದಲ್ಲೇ ದೀಪ ಮಿಣಿಮಿಣಿ ಅನ್ನುತ್ತಿದ್ದ ಒಂದು ಸಂಜೆ ಕಂಪ್ರೆಸರ್ ಹೋಯಿತು. ವೋಲ್ಟೇಜ್ ಏರಿಳಿಯುವ ಹಳ್ಳಿಗಳಲ್ಲಿ ಸ್ಟೆಬಿಲೈಸರ್ ದುಡ್ಡನ್ನೂ ಫ್ರಿಜ್ಜಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಫ್ರಿಜ್ಜಿಗೆ ಅಂಟಿಸಿರುವ, ಕರೆಂಟು ಉಳಿತಾಯ ತೋರಿಸುವ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ, ಆ ಅಂಕಿಯನ್ನೂ ಓದಿ. ಕಾರವಾರ, ಅಂಕೋಲೆಯ ಕಡಲ ದಂಡೆಯವರು ಫ್ರಿಜ್ಜನ್ನು ಉಪ್ಪುಗಾಳಿ ಬೀಸುವ ಕಿಟಕಿಯಿಂದ ದೂರ ಇಡಿ. ತುಕ್ಕು ಬೇಗ ಹಿಡಿಯುತ್ತದೆ.

ನಮ್ಮ ಮನೆಗೆ ತಂದದ್ದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದಕ್ಕೆ ವೈರೇ ಇಲ್ಲ. ಅತ್ತೆಯವರಿಗೆ ಮಂಡಿನೋವು. ಕೆಳಗೆ ಕೂತು ಕಾಯಿ ತುರಿದು ಏಳುವಾಗ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಕಟ್ಟೆಯ ಅಂಚಿಗೆ ತಿರುಪು ಬಿಗಿದು ಕೂರಿಸುವ, ಹಿಡಿಕೆ ತಿರುಗಿಸುವ ತುರಿಮಣೆ ತಂದೆ. ಮೊದಲ ದಿನ ಅರ್ಧ ಕಾಯಿ ತುರಿದರು. ಬೆರಳಲ್ಲಿ ತುರಿ ಮುಟ್ಟಿ ನೋಡಿದರು. "ಇನ್ನರ್ಧ ಕೊಡು" ಅಂದರು.

ಈಗಲೂ ಅವರು ಕಟ್ಟೆ ಹತ್ತಿರ ನಿಂತು ಕಾಯಿ ತುರಿಯುತ್ತ ಈ ರೇಡಿಯೋ ಕೇಳುತ್ತಿರುತ್ತಾರೆ. ನಮಸ್ಕಾರ.